ಪುಸ್ತಕಗಳನ್ನು ಪಂಕ್ತಿಗೆ ಕೂರಿಸಿದ ಯುಲಾಲಿ

ಒಂದು ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡಬೇಕು ಎಂಬ ವಿಷಯಕ್ಕೆ ತಾಯಿ ಮಗಳು ಮಾತು ಬಿಟ್ಟದ್ದನ್ನು ನೀವು ಬೇರೆಲ್ಲೂ ಕೇಳಿರಲಾರಿರಿ. ನಮ್ಮ ಕ್ಯಾರಿಯಾಕು ದ್ವೀಪದಲ್ಲಿ ಅದೂ ಆಗಿದೆ. ಇಲ್ಲಿ ಮಾತು ಬಿಡುವುದಕ್ಕೆ ಕಾರಣಗಳಿಗೇನೂ ಬರವಿಲ್ಲ ಬಿಡಿ. ಬೇಲಿ ಹಾರಿದ ಮೇಕೆ ಸಾಕು, ಕರೆಯದೆ ಮುಗಿಸಿದ ಮದುವೆ ಸಾಕು, ಅರೂಬಾದಲ್ಲಿ ದುಡಿದು ಬಂದ ಗಂಡ ಮೊದಲು ಯಾರ ಮನೆ ಮೆಟ್ಟಿಲು ಹತ್ತಿದ ಎನ್ನುವುದಂತೂ ಧಾರಾಳವಾಗಿ ಸಾಕು. ಆದರೆ ಎನೋ ಮನೆತನದ ಯುಲಾಲಿ ಮತ್ತು ಅವಳ ತಾಯಿ ತೆರೇಜ್ ನಡುವೆ ಬಂದದ್ದು ಒಂದು ಪುಸ್ತಕ. ಅದರಲ್ಲಿ ಇದ್ದದ್ದು ತೆರೇಜಳದೇ ಹಾಡುಗಳು. ತಾಯಿಗೆ ಓದಲು ಬರುತ್ತಿರಲಿಲ್ಲ. ಮಗಳು ಊರಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಳು.

ಯುಲಾಲಿ ಹುಟ್ಟಿದ್ದು ನಮ್ಮೂರಾದ ಲಾ ಪ್ವಾಂಟ್‌ನಲ್ಲೇ, ಗುಡ್ಡದ ಮೇಲಿನ ಎರಡು ಕೋಣೆಯ ಮರದ ಮನೆಯಲ್ಲಿ. ಅಪ್ಪ ಅರೂಬಾದ ಎಣ್ಣೆ ಕಾರ್ಖಾನೆಗೆ ಹೋದವನು ಮೊದಮೊದಲು ಕಾಗದ ಕಳಿಸಿದ, ಆಮೇಲೆ ಬಟ್ಟೆ ಕಳಿಸಿದ, ಆಮೇಲೆ ಬೇರೆಯವರ ಬಾಯಲ್ಲಿ ಸುದ್ದಿ ಮಾತ್ರ ಕಳಿಸಿದ. ತೆರೇಜ್ ಅದಕ್ಕೆಲ್ಲ ತಲೆ ಮೇಲೆ ಕೈಹೊತ್ತು ಕೂತವಳಲ್ಲ. ಮುಸುಕಿನ ಜೋಳ, ತೊಗರಿ ಬೆಳೆದಳು, ಕುರಿ ಸಾಕಿದಳು, ಊರಿಗೆಲ್ಲ ಹಾಡಿದಳು.

ಅವಳ ಹಾಡೆಂದರೆ ಅಡುಗೆಮನೆಯ ಗುನುಗು ಎಂದುಕೊಳ್ಳಬೇಡಿ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೆಲವು ವರ್ಷ ಕಾದು, ಗೋರಿಗೆ ಕಲ್ಲು ನಿಲ್ಲಿಸಿ, ಊರಿಗೆ ಊಟ ಹಾಕಿ, ದೊಡ್ಡ ಡೋಲು ಬಾರಿಸಿದ ಮೇಲೆಯೇ ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ. ಆ ದಿನ ಹಾಡುಗಳನ್ನು ವರಸೆಯಾಗಿ ಎತ್ತಬೇಕು. ನಮ್ಮ ಮುತ್ತಾತಂದಿರನ್ನು ಹಡಗಿನಲ್ಲಿ ತುಂಬಿಕೊಂಡು ಬಂದಾಗ ಅವರು ಬಿಟ್ಟುಬಂದ ನಾಡುಗಳಿವೆಯಲ್ಲ, ಒಂದೊಂದು ನಾಡಿಗೂ ಒಂದೊಂದು ಹಾಡು. ಮೊದಲು ಕ್ರೊಮಾಂಟಿಯವರದು, ಆಮೇಲೆ ಇಬೋ, ಮಾಂಡಿಂಗ್, ಹೀಗೆ. ತೆರೇಜ್ ಎಲ್ಲರ ಹಾಡನ್ನೂ ಎತ್ತಿಕೊಡುತ್ತಿದ್ದಳು. ಅವಳ ಸ್ವಂತ ಮೂಲ ಮಾತ್ರ ಮೋಕೋ. ಮೋಕೋ ನಾಡಿನವರು ಇಲ್ಲಿ ಬೆರಳೆಣಿಕೆಯಷ್ಟು, ಆ ಹಾಡುಗಳ ಮಾತು ಪೂರ್ತಿ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳ ಜೊತೆಗೇ ಅವೂ ಹೋಗುತ್ತವೆ ಎಂದು ಎಲ್ಲರಿಗೂ ತಿಳಿದಿತ್ತು. ತಿಳಿದೂ ಯಾರೂ ಕಲಿಯಲಿಲ್ಲ, ನಮ್ಮ ಸೋಮಾರಿತನಕ್ಕೆ ಏನು ಹೇಳೋಣ.

ಮಗಳೇ ಕಲಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯುಲಾಲಿಗೆ ಸ್ವರವೇ ಇರಲಿಲ್ಲ. ಅವಳು ಚರ್ಚಿನಲ್ಲಿ ಬಾಯಿ ತೆರೆದರೆ ಪಕ್ಕದ ಹೆಂಗಸರು ಮೆಲ್ಲಗೆ ಇನ್ನೊಂದು ಬೆಂಚಿಗೆ ಸರಿಯುತ್ತಿದ್ದರು. ಅದೂ ಅಲ್ಲದೆ ಶಾಲೆಯಲ್ಲಿ ಡೋಲಿನ ಹಾಡು ಬಾಯಿಗೆ ಬಂದರೆ ಬೆತ್ತದ ಏಟು ಬೀಳುತ್ತಿತ್ತು. ಓದಿನಲ್ಲಿ ಮಾತ್ರ ಚುರುಕು. ಅದೇ ಶಾಲೆಯಲ್ಲಿ ಸಣ್ಣ ಟೀಚರ್ ಆದಳು, ಆಮೇಲೆ ಲೈಬ್ರರಿ ಕೆಲಸ ಕಲಿಯಲು ಟ್ರಿನಿಡಾಡಿಗೆ ಹೋದಳು.

ಅವಳು ಅಲ್ಲಿದ್ದಾಗಲೇ ಜ್ಯಾನೆಟ್ ಚಂಡಮಾರುತ ಬಂದು ನಮ್ಮನ್ನೆಲ್ಲ ಗುಡಿಸಿ ಹಾಕಿತು. ಅವಳು ದೋಣಿಯಿಂದ ಇಳಿದಾಗ ದ್ವೀಪದಲ್ಲಿ ಚಾವಣಿ ಉಳಿದ ಮನೆಗಳು ಕಮ್ಮಿ. ಜನ ಇನ್ನೂ ತಮ್ಮ ತಮ್ಮ ಪಾತ್ರೆಗಳನ್ನು ಪರರ ಹಿತ್ತಲಲ್ಲಿ ಹುಡುಕುತ್ತಿದ್ದರು. ಅವಳ ಕಂಕುಳಲ್ಲಿ ಒಂದು ದಪ್ಪ ಹಸಿರು ಪುಸ್ತಕವಿತ್ತು. ಅಮೆರಿಕದವರು ಮಾಡಿದ್ದು. ಜಗತ್ತಿನಲ್ಲಿ ಯಾವ ವಿಷಯದ ಮೇಲೆ ಪುಸ್ತಕ ಬಂದರೂ ಅದಕ್ಕೊಂದು ನಂಬರು ಅದರಲ್ಲಿ ಸಿದ್ಧವಾಗಿತ್ತು. ನಕ್ಷತ್ರಕ್ಕೊಂದು, ನಾಯಿಗೊಂದು, ನಾಣ್ಯಕ್ಕೊಂದು. ಎಲ್ಲವೂ ಚೆಲ್ಲಾಪಿಲ್ಲಿಯಾಗಿದ್ದ ಆ ದಿನಗಳಲ್ಲಿ ಯುಲಾಲಿಗೆ ಅದೆಷ್ಟು ಸಮಾಧಾನ ಕೊಟ್ಟಿರಬೇಕು! ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತಿದ್ದಳು.

ಜೆಟ್ಟಿಯ ಎದುರಿಗೆ ಹಿಂದೆ ಹತ್ತಿ ತುಂಬಿಡುತ್ತಿದ್ದ ಒಂದು ಗೋದಾಮು. ಅದರಲ್ಲಿ ಲೈಬ್ರರಿ ಶುರುವಾಯಿತು. ಕಪಾಟು ಮಾಡಿಕೊಟ್ಟವನು ದೋಣಿ ಕಟ್ಟುವ ಝೆಬ್. ಹುಟ್ಟಿದಾಗಿನಿಂದ ದೋಣಿಯ ಪಕ್ಕೆಗಳನ್ನೇ ಬಾಗಿಸಿದ ಕೈ, ನೆಟ್ಟಗಿನ ಗೆರೆ ಅದಕ್ಕೆ ಒಗ್ಗದು. ಕಪಾಟುಗಳೂ ನಡುವೆ ಒಂಚೂರು ಉಬ್ಬಿಕೊಂಡೇ ನಿಂತವು. ನಮ್ಮ ಸರ್ಕಾರವಿರುವ ದೊಡ್ಡ ದ್ವೀಪದ ಕಚೇರಿಯಿಂದ ಪೆಟ್ಟಿಗೆಗಳಲ್ಲಿ ಪುಸ್ತಕ ಬರುತ್ತಿತ್ತು, ಬೆನ್ನಿನ ಮೇಲೆ ಬಿಳಿ ಶಾಯಿಯಲ್ಲಿ ನಂಬರು ಬರೆದುಕೊಂಡೇ ಬರುತ್ತಿತ್ತು. ಯುಲಾಲಿ ಅವನ್ನು ನಂಬರಿನ ಪ್ರಕಾರ ಜೋಡಿಸಿ, ಧೂಳು ಒರೆಸಿ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು.

ಮೊದಲು ಕಿಚಾಯಿಸಿದವನೂ ಝೆಬ್ಬೇ.

"ಅಲ್ಲಾ ಮಿಸ್ ಯುಲಾ, ದೋಣಿಯ ಮರದ ಪುಸ್ತಕ ಆ ಮೂಲೇಲಿ, ಹಾಯಿಬಟ್ಟೆ ಪುಸ್ತಕ ಈ ಮೂಲೇಲಿ, ಗಾಳಿದು ಕಿಟಕಿ ಹತ್ರ. ಹೀಗೆ ಬೇರೆ ಬೇರೆ ಇಟ್ರೆ ನನ್ನ ದೋಣಿ ನೀರಿಗಿಳಿಯೋದು ಹೆಂಗೆ?"

"ಅದು ವಿಜ್ಞಾನದ ಕ್ರಮ ಕಣೋ ಝೆಬ್. ಜಗತ್ತೆಲ್ಲ ಹೀಗೇ ಇಡೋದು."

"ಜಗತ್ತು ಮುಳುಗ್ತಾ ಇರೋದು ಅದಕ್ಕೇ ಇರ್ಬೇಕು ಹಾಗಾದ್ರೆ."

ಯುಲಾಲಿ ಮೂಗು ಮುರಿದಳು. ಝೆಬ್‌ಗೆ ಬಾಯಿ ಉದ್ದ ಎಂದು ಊರಿಗೇ ಗೊತ್ತಿತ್ತು.

ಇದರ ನಡುವೆ ಹಾಡುಗಳನ್ನು ಬರೆದುಕೊಳ್ಳುವ ಒಬ್ಬ ಹೊರದೇಶದ ಹೆಂಗಸು ಬಂದಳು. ಒಂದು ಬೇಸಿಗೆಯಿಡೀ ತೆರೇಜಳ ಜಗಲಿಯಲ್ಲಿ ಕೂತು, ಕೇಳಿ, ಬರೆದುಕೊಂಡು ಹೋದಳು. ಕೆಲವು ವರ್ಷದ ಮೇಲೆ ಅದು ಅಚ್ಚಾಯಿತು. ತೆರೇಜ್ ಹಾಡಿದ ಎಲ್ಲವೂ ಇತ್ತು, ಮೋಕೋ ಹಾಡುಗಳು ಮಾತು ಮಾತೂ ಇದ್ದವು, ಮೊದಲ ಹಾಳೆಯಲ್ಲಿ ಅವಳ ಹೆಸರೂ ಇತ್ತು. ಒಂದು ಪ್ರತಿ ದೊಡ್ಡ ದ್ವೀಪದ ಪೆಟ್ಟಿಗೆಯಲ್ಲಿ ನಮ್ಮ ಲೈಬ್ರರಿಗೆ ಬಂತು. ಬೆನ್ನಿನ ಮೇಲೆ ಬಿಳಿ ಶಾಯಿಯ ನಂಬರು. ಯುಲಾಲಿ ಎಂದಿನಂತೆ ಆ ನಂಬರಿನ ಜಾಗ ಹುಡುಕಿದಳು, ಇಟ್ಟಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು, ತಲೆ ಜೊತೆಗಿರಲಿಲ್ಲ.

ಸುದ್ದಿ ಕೇಳಿ ತೆರೇಜ್ ಭಾನುವಾರದ ಬಿಳಿ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಬಿಗಿದು, ಗುಡ್ಡ ಇಳಿದು ಬಂದಳು. ಕೈಯಲ್ಲಿ ಒಂದು ಸೀಸೆ ಜ್ಯಾಕ್ ಐರನ್ ರಮ್ಮು. ಹೊಸ ದೋಣಿಗೆ, ಹೊಸ ಮನೆಗೆ ಹನಿಸುವ ಹಾಗೆ ಹೊಸ ಪುಸ್ತಕಕ್ಕೂ ಹನಿಸಬೇಡವೇ? ಯುಲಾಲಿ "ಅಯ್ಯೋ ಅಮ್ಮಾ, ಕಾಗದ, ಕಾಗದ!" ಎನ್ನುವಷ್ಟರಲ್ಲಿ ಹೊಸ್ತಿಲ ಮೇಲೆ ನಾಲ್ಕು ಹನಿ ಬಿದ್ದೇ ಹೋಗಿತ್ತು.

"ಎಲ್ಲಿ ಕೂರ್ಸಿದೀಯೆ ನನ್ನ?" ಎಂದಳು ತೆರೇಜ್, ಮುಖ ಅರಳಿಸಿಕೊಂಡು.

ಯುಲಾಲಿ ಕರೆದುಕೊಂಡು ಹೋದಳು. ಬಾಗಿಲ ಪಕ್ಕ ಅಲ್ಲ, ಕಿಟಕಿಯ ಪಕ್ಕ ಅಲ್ಲ. ಗೋಡೆ ಬದಿಯ ಕೊನೆಯ ಕಪಾಟು, ಕೆಳಗಿನ ಹಲಗೆ, ಪೊರಕೆ ಒರಗಿಸುವ ಮೂಲೆ. ತೆರೇಜ್ ಮಂಡಿಯೂರಿ ಪುಸ್ತಕ ಮುಟ್ಟಿದಳು.

"ನನ್ನ ಎಡಕ್ಕೆ ಯಾರು?"

ಯುಲಾಲಿ ಓದಿದಳು. ಅಲ್ಲಿಯತನಕ ಅವಳೂ ಓದಿರಲಿಲ್ಲವೇನೋ, ದನಿ ಇಳಿಯಿತು. "ಮಾಟಗಾತಿಯರ ಪುಸ್ತಕ, ಅಮ್ಮ."

"ಬಲಕ್ಕೆ?"

"ದೆವ್ವ ಹಿಡಿದ ಮನೆಗಳು."

"ಮೇಲೆ?"

"ಕೈರೇಖೆ."

"ಪಾದ್ರಿ ಎಲ್ಲವ್ನೆ?"

"ಅದು... ಬಾಗಿಲ ಹತ್ರ. ಧರ್ಮದ ಕಪಾಟು ಬೇರೆ, ಅಮ್ಮ. ಇದು ಮೂಢನಂಬಿಕೆದು. ನಂಬರು ಅವರೇ ಬರೆದು ಕಳಿಸಿದ್ದು, ನಾನಲ್ಲ."

ತೆರೇಜ್ ಮಂಡಿ ಹಿಡಿದುಕೊಂಡು ಎದ್ದಳು. "ನಾನು ಸತ್ತೋರಿಗೆ ಊಟ ಬಡಿಸಿ ಹಾಡೋಳು. ಮಾಟ ಮಾಡೋಳಲ್ಲ. ಬೇರೆಯೋರು ಬರೆದ್ರು ಅಂತಾಳೆ. ನನ್ನ ಮಗಳ ಕೈ ಅಲ್ವೇನೆ ಇಲ್ಲಿ ತಂದಿಟ್ಟಿದ್ದು?" ಅಷ್ಟೇ ಹೇಳಿ ಸೀಸೆ ಎತ್ತಿಕೊಂಡು ಗುಡ್ಡ ಹತ್ತಿದಳು.

ಆವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಊಟ ಮಾತ್ರ ಹೊತ್ತು ಹೊತ್ತಿಗೆ ಬರುತ್ತಿತ್ತು. ಮೊದಲ ತುತ್ತು ಬಾಯಿಗೆ ಹೋದಾಗ ಯುಲಾಲಿಗೆ ಗೊತ್ತಾಯಿತು, ಜೋಳದ ಮುದ್ದೆಗೂ ಉಪ್ಪಿಲ್ಲ, ತೊಗರಿ ಸಾರಿಗೂ ಉಪ್ಪಿಲ್ಲ. ನಮ್ಮಲ್ಲಿ ಉಪ್ಪಿಲ್ಲದ ಅಡುಗೆ ಮಾಡುವುದು ಹಿರಿಯರ ಎಡೆಗೆ, ಸತ್ತವರಿಗೆ. ನೀನು ನನ್ನನ್ನು ದೆವ್ವಗಳ ಪಕ್ಕ ಕೂರಿಸಿದೆಯಾ, ತಗೋ, ನಾನು ನಿನ್ನನ್ನು ಸತ್ತವರ ಪಂಕ್ತಿಗೆ ಕೂರಿಸಿದೆ, ಎಂದು ಬಾಯಿ ಬಿಡದೆ ಹೇಳುವ ಹೆಂಗಸು ತೆರೇಜ್. ಎಂಥಾ ಗಟ್ಟಿಗಿತ್ತಿ! ಮಗಳು ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಜಾಗದಲ್ಲಿ ಇರುತ್ತಿರಲಿಲ್ಲ.

ಕೆಲವು ದಿನ ಯುಲಾಲಿಯೂ ಹಟ ಹಿಡಿದಳು. ಆಮೇಲೆ ಒಂದು ಮಧ್ಯಾಹ್ನ ಬಿಳಿ ಶಾಯಿಯ ಮೇಲೆ ಕಪ್ಪು ಬಳಿದು, ಪುಸ್ತಕವನ್ನು ಬಾಗಿಲ ಬಳಿಯ ಧರ್ಮದ ಕಪಾಟಿಗೆ ತಂದಳು. ಸಂತರ ಚರಿತ್ರೆಯ ಪಕ್ಕ, ಎದೆಮಟ್ಟದ ಹಲಗೆಯಲ್ಲಿ. ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು ಎಂದು ಮನೆಗೆ ಬಂದು ಹೇಳಿದಳು. ಸಾರು ಹಾಗೆಯೇ ಸಪ್ಪೆ. ಆದರೆ ತೆರೇಜ್ ಬಾಯಿ ಬಿಟ್ಟಳು.

"ಪಾದ್ರಿ ಪಕ್ಕ ಕೂತು ನಾನೇನ್ ಮಾಡ್ಲಿ? ಅವ್ನು ನಂಗೇನಾಗ್ಬೇಕು? ನನ್ನ ಜನ ಎಲ್ಲಿ ಕೂತವ್ರೆ ಅಂತ ನೋಡ್ದೇನೆ?"

ಈ ಮಾತು ಯುಲಾಲಿಯನ್ನು ಸರಿಯಾಗಿ ತಟ್ಟಿತು. ಮರುದಿನ ಲೈಬ್ರರಿಯ ಬಾಗಿಲು ಹಾಕಿಕೊಂಡು ಹುಡುಕಿದಳು. ನಮ್ಮ ಜನ ಎಲ್ಲಿದ್ದಾರೆ? ನಮ್ಮ ದೋಣಿಗಳು ಯಂತ್ರಗಳ ನಡುವೆ ಸಿಕ್ಕಿದವು. ನಮ್ಮ ಇತಿಹಾಸ ಇಂಗ್ಲೆಂಡಿನ ರಾಜರ ಬಾಲದಲ್ಲಿ ಸಿಕ್ಕಿತು. ಅರೂಬಾಕ್ಕೆ ದುಡಿಯಲು ಹೋದ ಗಂಡಸರು ಕೂಲಿ ಸಮಸ್ಯೆಯ ಕಪಾಟಿನಲ್ಲಿ, ನಮ್ಮ ಹೊಲ ಬೇಸಾಯದ ಮೂಲೆಯಲ್ಲಿ, ಅಜ್ಜಿಯರು ಹೇಳಿದ ಕತೆ ಮಕ್ಕಳ ಗೊಂಬೆ ಪುಸ್ತಕಗಳ ಕೆಳಗೆ. ತಾಯಿ ಒಬ್ಬಳೇ ಅಲ್ಲ, ಇಡೀ ದ್ವೀಪವೇ ಆ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ಕಾಣದ ಹಾಗೆ ದಿಕ್ಕಾಪಾಲಾಗಿತ್ತು. ಹಾಗೆ ದಿಕ್ಕಾಪಾಲು ಮಾಡಿದ್ದು ಚಂಡಮಾರುತ ಅಲ್ಲ, ತಾನೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಧೂಳು ಒರೆಸಿಕೊಂಡು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆಮೇಲೆ ಅವಳು ಮಾಡಿದ ಕೆಲಸ ನೋಡಿ ಊರು ಕಿಟಕಿಗೆ ಮೂಗು ಒತ್ತಿ ನಿಂತಿತು. ಎಲ್ಲ ಪುಸ್ತಕಗಳನ್ನೂ ನೆಲಕ್ಕೆ ಇಳಿಸಿ, ಬೆನ್ನಿನ ನಂಬರುಗಳಿಗೆಲ್ಲ ಕಪ್ಪು ಬಳಿದಳು. ಹಸಿರು ಪುಸ್ತಕವನ್ನು ಮೇಜಿನ ಕಾಲು ಕುಂಟದಂತೆ ಅಡಿಗೆ ಕೊಟ್ಟಳು. ಒಂದೊಂದನ್ನೇ ಕೈಗೆತ್ತಿಕೊಂಡು, ನೀನು ಯಾರ ಜೊತೆ ಊಟಕ್ಕೆ ಕೂರುತ್ತೀಯ ಎಂದು ಕೇಳಿದಳು. ಹುಚ್ಚಲ್ಲ. ಕಲ್ಲು ನಿಲ್ಲಿಸುವ ದಿನ ನಮ್ಮ ಹೆಂಗಸರು ಪಂಕ್ತಿ ಕೂರಿಸುವುದು ಹೀಗೆಯೇ. ಮೊದಲು ಯಾರ ಮನೆಯವರು ಎಂದು ನೋಡುತ್ತಾರೆ, ಆಮೇಲೆ ಏನು ಕೆಲಸದವರು, ಆಮೇಲೆ ಊರಲ್ಲಿರುವವರೋ ದೂರ ಹೋದವರೋ. ಯುಲಾಲಿ ಪುಸ್ತಕಗಳಿಗೂ ಇದೇ ಮೂರು ಪ್ರಶ್ನೆ ಇಟ್ಟಳು. ಬಾಗಿಲಿಗೆ ಎದುರಾಗಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ, ‘ನಮ್ಮವರು’ ಎಂಬ ಸಾಲು. ಅದರಲ್ಲಿ ನಮ್ಮ ದೋಣಿ, ನಮ್ಮ ಹೊಲ, ನಮ್ಮ ಹೆರಿಗೆ, ನಮ್ಮ ಸಾವು, ದೂರ ಹೋದ ನಮ್ಮ ಗಂಡಸರು, ಎಲ್ಲ ಒಟ್ಟಿಗೆ. ಇಂಗ್ಲೆಂಡಿನ ರಾಜರು, ನಕ್ಷತ್ರ, ಯಂತ್ರ ಇವರೆಲ್ಲ ಆಚೆ ಬದಿಗೆ, ‘ನೆಂಟರು’ ಎಂಬ ಸಾಲಿಗೆ ಹೋದರು. ನೆಂಟರಿಗೆ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ, ಕಿಟಕಿಯ ತಂಗಾಳಿ ಅವರಿಗೇ ಬಿತ್ತು.

ಎಡವಟ್ಟುಗಳೂ ಆದವು. ಬಸುರಿಯರ ಆರೈಕೆಯ ಪುಸ್ತಕವನ್ನು ‘ದೂರ ಹೋದ ಗಂಡಸರು’ ಪಕ್ಕದಲ್ಲಿಟ್ಟು ಊರವರ ಬಾಯಿಗೆ ಬಿದ್ದಳು. ಗಂಡ ವರ್ಷಗಟ್ಟಲೆ ಅರೂಬಾದಲ್ಲಿರುವ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ಬಂದರು. "ಮಿಸ್ ಯುಲಾ, ಯಾರಿಗೆ ಹೇಳ್ತಿದೀರಿ ಇದನ್ನ?" ಎಂದರು. ಪುಸ್ತಕ ಅವತ್ತೇ ಸೂಲಗಿತ್ತಿಯರ ಪಕ್ಕಕ್ಕೆ ಹೋಯಿತು. ಹೀಗೆ ಬಂದವರೆಲ್ಲ ತಿದ್ದಿ ತಿದ್ದಿಯೇ ಆ ಕ್ರಮ ಒಂದು ರೂಪಕ್ಕೆ ಬಂತು.

ತೆರೇಜ್ ಮತ್ತೆ ಇಳಿದು ಬಂದಳು. ಈ ಸಲ ರಮ್ಮು ಇಲ್ಲ, ಬಿಳಿ ಬಟ್ಟೆಯೂ ಇಲ್ಲ, ಹೊಲದ ಮಣ್ಣು ಕಾಲಲ್ಲೇ ಇತ್ತು.

"ಎಡಕ್ಕೆ ಯಾರು?"

"ಝೆಬ್ ಮನೆಯೋರ ದೋಣಿ ಕೆಲಸದ ಪುಸ್ತಕ, ಅಮ್ಮ."

"ಬಲಕ್ಕೆ?"

"ಅರೂಬಾಕ್ಕೆ ಹೋದೋರು."

"ನಿಮ್ಮಪ್ಪ ಅದರಲ್ಲಿ ಅವ್ನಾ?"

"ಹೆಸರಿಲ್ಲ. ಆದ್ರೆ ಅವನಂಥೋರು ಎಲ್ಲಾ ಇದಾರೆ."

"ಹಾಗಾದ್ರೆ ಇಲ್ಲೇ ಇರ್ತೀನಿ. ಅವ್ನಿಗೆ ಎರಡು ಮಾತು ಹೇಳೋದಿದೆ," ಎಂದಳು ತೆರೇಜ್. ಆ ಸಂಜೆಯ ಸಾರಿಗೆ ಬಿದ್ದ ಉಪ್ಪು ಎಷ್ಟೆಂದರೆ ಯುಲಾಲಿ ಮೂರು ಲೋಟ ನೀರು ಕುಡಿದಳು. ಆದರೂ ಬಟ್ಟಲು ಖಾಲಿ ಮಾಡಿದಳು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ದೊಡ್ಡ ದ್ವೀಪದಿಂದ ಲೈಬ್ರರಿಗಳ ಮೇಲ್ವಿಚಾರಕರಾದ ಪಾಸ್ಕಲ್ ಬಂದರು. ಕೆಟ್ಟ ಮನುಷ್ಯರೇನಲ್ಲ. ಸಮುದ್ರ ಅವರಿಗೆ ಆಗಿ ಬರುತ್ತಿರಲಿಲ್ಲ, ದೋಣಿಯಲ್ಲಿ ವಾಂತಿ ಮಾಡಿಕೊಂಡು ಹೆಣದಂತೆ ಇಳಿದಿದ್ದರು. ಯುಲಾಲಿ ಶುಂಠಿ ಚಹಾ ಕೊಟ್ಟಳು. ಚಹಾ ಕುಡಿದು ಕಣ್ಣು ತೆರೆದು ಕಪಾಟು ನೋಡಿದವರು ಮತ್ತೆ ಬಿಳುಚಿಕೊಂಡರು.

"ಮಿಸ್ ಎನೋ, ಇದೇನಿದು? ನಂಬರುಗಳೆಲ್ಲ ಎಲ್ಲಿ ಹೋದ್ವು?"

ಅವಳು ಹೇಳಿದಳು. ಅವರು ಅರ್ಧಕ್ಕೇ ಕೈ ಎತ್ತಿದರು.

"ನೋಡಿ, ಒಂದು ಪುಸ್ತಕ ಎಲ್ಲಾ ಊರಲ್ಲೂ ಒಂದೇ ಜಾಗದಲ್ಲಿ ಸಿಗ್ಬೇಕು. ನಾಳೆ ಹೊರಗಿಂದ ಒಬ್ಬ ಬಂದ ಅಂತಿಟ್ಕೊಳ್ಳಿ. ಅವನಿಗೆ ಹೇಗೆ ಗೊತ್ತಾಗ್ಬೇಕು?"

"ಹೊರಗಿಂದ ಬಂದೋರು ಧೈರ್ಯವಾಗಿ ನನ್ನ ಕೇಳ್ತಾರೆ, ಸರ್. ನಮ್ಮೋರು ಕೇಳೋಕೆ ನಾಚ್ಕೊಂಡು ಹಾಗೇ ವಾಪಸ್ ಹೋಗ್ತಾರೆ. ನಾನು ಕಣ್ಣಾರೆ ನೋಡಿದೀನಿ."

ಪಾಸ್ಕಲ್ ಅವರಿಗೂ ಮೇಲಿನವರಿದ್ದರು, ಪಾಪ. ಹೊರಡುವಾಗ ಟೋಪಿ ಕೈಯಲ್ಲಿ ತಿರುಗಿಸುತ್ತ ಹೇಳಿದರು: ಎಲ್ಲವೂ ನಂಬರಿನ ಪ್ರಕಾರ ಹಿಂದಕ್ಕೆ ಹೋಗಬೇಕು, ತೆರೇಜಳ ಹಾಡಿನ ಪುಸ್ತಕವೂ ಅದರ ಮೊದಲಿನ ಜಾಗಕ್ಕೇ ಹೋಗಬೇಕು. ಹಾಗೆ ಮಾಡಿದೆ ಎಂದು ಬರೆದು ತಿಳಿಸುವ ತನಕ ಲಾ ಪ್ವಾಂಟ್‌ಗೆ ಹೊಸ ಪುಸ್ತಕದ ಪೆಟ್ಟಿಗೆ ಬರುವುದಿಲ್ಲ.

ಆ ಪೆಟ್ಟಿಗೆ ಬಂದ ದಿನ ಜೆಟ್ಟಿಯಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಿದ್ದವು. ಒಂದು ಕಡೆ ಆ ಮಕ್ಕಳು, ಇನ್ನೊಂದು ಕಡೆ ಅಮ್ಮ. ಯುಲಾಲಿ ಮನೆಗೆ ಬಂದು ತಾಯಿಯ ಎದುರು ಕೂತು ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. ಬಯ್ಗುಳಕ್ಕೆ ತಯಾರಾಗಿಯೇ ಕೂತಿದ್ದಳು. ತೆರೇಜ್ ತೊಗರಿಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮಕ್ಕಳ ಪುಸ್ತಕ ನಿಲ್ಲಿಸ್ಬೇಡ. ನನ್ನ ಆ ದೆವ್ವಗಳ ಹತ್ರಾನೇ ಇಟ್ಬಿಡು, ಹೋಗ್ಲಿ."

"ಅಮ್ಮಾ..."

"ಅವುಕ್ಕೂ ಯಾರೂ ಎಡೆ ಇಟ್ಟಿಲ್ಲ ಅಂತ ಕಾಣುತ್ತೆ, ಪಾಪ. ಅದಕ್ಕೇ ಅಲೀತವೆ. ಅವುಕ್ಕೂ ಒಬ್ರು ಹಾಡ್ಬೇಕಲ್ಲ."

ಬಯ್ದಿದ್ದರೆ ಯುಲಾಲಿ ಬಹುಶಃ ಪುಸ್ತಕವನ್ನು ಹಿಂದಕ್ಕೆ ಇಟ್ಟುಬಿಡುತ್ತಿದ್ದಳು. ಈ ಒಪ್ಪಿಗೆಯನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಇಂಥ ಹೃದಯ ಇರುವವಳನ್ನು ಪೊರಕೆಯ ಪಕ್ಕದಲ್ಲಿ ಇಟ್ಟೆನಲ್ಲ ಎಂದುಕೊಂಡು ಆ ರಾತ್ರಿಯೇ ಕಾಗದ ಬರೆಯಲು ಕೂತಳು. ಮಾರನೆಯ ದಿನದ ದೋಣಿಗೆ ಪಾಸ್ಕಲ್ ಅವರಿಗೆ ಉತ್ತರ ಹೋಯಿತು: ಪೆಟ್ಟಿಗೆ ಕಳಿಸಬೇಡಿ.

ಊರಿನವರೆಲ್ಲ ಅವಳನ್ನು ಹೊಗಳಿದರು ಎಂದು ನಾನು ಹೇಳಿದರೆ ಅದು ಸುಳ್ಳು. "ನಿನ್ನ ಅಮ್ಮನ ಮರ್ಯಾದೆಗೆ ನಮ್ಮ ಮಕ್ಕಳ ಓದು ಹಾಳಾಗ್ಬೇಕಾ?" ಎಂದು ಮುಖದ ಮೇಲೆ ಹೇಳಿದವರಿದ್ದಾರೆ. ಅವರ ಮಾತೂ ತಪ್ಪಲ್ಲ. ಯುಲಾಲಿ ಇದ್ದ ಪುಸ್ತಕಗಳಿಗೇ ಹೊಸ ರಟ್ಟು ಹಾಕಿ ಕೊಟ್ಟಳು.

ಉತ್ತರ ಹುಡುಕಿದವನು ಝೆಬ್. ಸೇಂಟ್ ಬಾರ್ಟ್ಸ್‌ನಿಂದ ಸುಂಕದವರ ಕಣ್ಣು ತಪ್ಪಿಸಿ ವಿಸ್ಕಿ, ಸಿಗರೇಟು ತರುವುದು ನಮ್ಮ ಹಡಗಿನವರಿಗೆ ಹೊಸದೇನಲ್ಲ, ಅದನ್ನು ಇಲ್ಲಿ ಯಾರೂ ಪಾಪ ಎಂದುಕೊಳ್ಳುವುದೂ ಇಲ್ಲ. ಆ ಹಡಗಿನವರ ಕಿವಿಯಲ್ಲಿ ಝೆಬ್ ಒಂದು ಮಾತು ಹಾಕಿದ. ಅಲ್ಲಿಂದ ಮುಂದೆ ಟ್ರಿನಿಡಾಡಿನಿಂದ, ಬಾರ್ಬಡೋಸಿನಿಂದ, ಕುರಸಾವಿನಿಂದ ಬರುವ ಹಡಗುಗಳ ತಳದಲ್ಲಿ ಈರುಳ್ಳಿ ಚೀಲದ ನಡುವೆ, ವಿಸ್ಕಿ ಪೆಟ್ಟಿಗೆಯ ಮರೆಯಲ್ಲಿ ಪುಸ್ತಕಗಳು ಬರತೊಡಗಿದವು. ಶಾಲೆಯವರು ಬಿಸಾಡಿದ್ದು, ಕ್ಯಾಪ್ಟನ್ನರ ಕೋಣೆಯಲ್ಲಿ ಉಳಿದದ್ದು, ಮನೆ ಖಾಲಿ ಮಾಡಿದವರು ಕೊಟ್ಟದ್ದು. ಪುಸ್ತಕಕ್ಕೆ ಸುಂಕವೇ ಇಲ್ಲ, ಬಹಿರಂಗವಾಗಿಯೇ ತರಬಹುದಿತ್ತು. ಆದರೆ ಬಚ್ಚಿಟ್ಟು ತಂದರೇ ನಮ್ಮವರಿಗೆ ತಂದ ಹಾಗೆ.

"ಮಿಸ್, ನಿಮ್ಮ ಕಳ್ಳಮಾಲು ಬಂತು," ಎಂದು ಹಿಂಬಾಗಿಲಲ್ಲಿ ಕಣ್ಣು ಮಿಟುಕಿಸಿ ಇಳಿಸಿ ಹೋಗುತ್ತಿದ್ದರು. ಬೆನ್ನಿನ ಮೇಲೆ ಯಾರ ನಂಬರೂ ಇಲ್ಲದ ಪುಸ್ತಕಗಳು. ಯುಲಾಲಿ ಪ್ರತಿಯೊಂದಕ್ಕೂ ತನ್ನ ಮೂರು ಪ್ರಶ್ನೆ ಕೇಳಿ ಪಂಕ್ತಿಗೆ ಕೂರಿಸಿದಳು.

ಎದುರಿನ ಪೆಟಿಟ್ ಮಾರ್ಟಿನಿಕ್‌ನ ಟೀಚರೊಬ್ಬಳು ಬಂದು ನೋಡಿ, ತನ್ನ ಶಾಲೆಯ ಕಪಾಟಿಗೂ ಅದನ್ನೇ ಮಾಡಿದಳು. ಆಮೇಲೆ ಯೂನಿಯನ್ ದ್ವೀಪದವರು, ಬೆಕ್ವೆಯವರು. ಪ್ರತಿ ಊರೂ ತನ್ನವರನ್ನು ಬಾಗಿಲಿಗೆ ಎದುರಾಗಿ ಕೂರಿಸಿತು, ಉಳಿದವರನ್ನು ನೆಂಟರಾಗಿ ಬರಮಾಡಿಕೊಂಡಿತು. ಪಾಸ್ಕಲ್ ನಿವೃತ್ತರಾದ ಮೇಲೆ ದೊಡ್ಡ ದ್ವೀಪದಿಂದ ಪೆಟ್ಟಿಗೆಗಳು ಮತ್ತೆ ಬಂದವು. ಬಿಚ್ಚಿ ನೋಡಿದರೆ ಬೆನ್ನಿನ ಮೇಲೆ ನಂಬರು ಬರೆದಿರಲಿಲ್ಲ. ಅದೇ ಅವರ ಒಪ್ಪಿಗೆ ಎಂದು ನಾವು ತಿಳಿದೆವು.

ಅಷ್ಟರಲ್ಲಿ ತೆರೇಜ್ ತೀರಿಕೊಂಡಿದ್ದಳು. ಬೆಳಿಗ್ಗೆ ಕುರಿ ಬಿಟ್ಟು ಬಂದು ಜಗಲಿಯಲ್ಲಿ ಕೂತವಳು ಏಳಲಿಲ್ಲ. ಕೆಲವು ವರ್ಷ ಕಳೆದು, ಯುಲಾಲಿ ಕಲ್ಲು ಮಾಡಿಸಿ, ತಾಯಿಯ ಹೆಸರು ಕೆತ್ತಿಸಿ, ಊರನ್ನೆಲ್ಲ ಕರೆದಳು. ಕುರಿ ಬಿತ್ತು, ಜೋಳದ ಮುದ್ದೆ ಬೆಂದಿತು, ಬಿಸಿಲು ಇಳಿಯುವ ಹೊತ್ತಿಗೆ ಡೋಲು ಶುರುವಾಯಿತು. ಕ್ರೊಮಾಂಟಿ ಹಾಡು ಎದ್ದಿತು, ಅವರು ಕುಣಿದರು. ಇಬೋ ಎದ್ದಿತು, ಮಾಂಡಿಂಗ್ ಎದ್ದಿತು. ಒಂದೊಂದು ನಾಡಿನವರೂ ಬಂದು ಹೋದರು.

ಮೋಕೋ ಸರದಿ ಬಂತು. ಡೋಲಿನವರಿಗೆ ಪೆಟ್ಟು ಗೊತ್ತಿತ್ತು, ಬಾರಿಸಿದರು. ಕೇಳಿ ಕೇಳಿ ರಾಗವೂ ಎಲ್ಲರ ಕಿವಿಯಲ್ಲಿತ್ತು. ಮಾತು ಯಾರಿಗೂ ಬರುತ್ತಿರಲಿಲ್ಲ. ಅದನ್ನು ಎತ್ತಿಕೊಡುತ್ತಿದ್ದವಳು ಕಲ್ಲಿನ ಕೆಳಗೆ ಮಲಗಿದ್ದಳು. ಡೋಲು ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಯಾರೂ ಬಾಯಿ ತೆರೆಯಲಿಲ್ಲ. ಸತ್ತವರ ಸ್ವಂತ ನಾಡಿನ ಹಾಡಿಲ್ಲದೆ ನಿಲ್ಲಿಸಿದ ಕಲ್ಲು ನಿಲ್ಲಿಸಿದ ಹಾಗಲ್ಲ. ಪುಸ್ತಕದಲ್ಲಿದ್ದ ಮಾತು ಯುಲಾಲಿಯ ಕಣ್ಣಿಗೆ ಕಟ್ಟಿದಂತಿತ್ತು, ಆದರೆ ಅದನ್ನು ಎತ್ತುವ ಸ್ವರ ಅವಳಲ್ಲಿರಲಿಲ್ಲ. ಊರಿನ ಎಲ್ಲ ಪುಸ್ತಕಕ್ಕೂ ಜಾಗ ಮಾಡಿಕೊಟ್ಟವಳು ತನ್ನ ತಾಯಿಯನ್ನು ನೆಮ್ಮದಿಯಾಗಿ ಮಲಗಿಸಲಾರದೆ ನಿಂತಳು.

ಆಗ ಗುಂಪಿನ ಹಿಂದಿನಿಂದ ಒಂದು ದನಿ ಎದ್ದಿತು. ಮೊದಲ ಸಾಲಿಗೆ ಸ್ವಲ್ಪ ನಡುಗಿತು, ಎರಡನೆಯ ಸಾಲಿಗೆ ಗಟ್ಟಿಯಾಯಿತು. ಮೋಕೋ ಮಾತು, ಪೂರ್ತಿ ಮಾತು. ಜನ ದಾರಿ ಬಿಟ್ಟರು. ಹಾಡುತ್ತ ಬಂದವಳು ಅರ್ನೆಲ್ಲಾ. ಝೆಬ್‌ನ ಕೊನೆಯ ಮಗಳು, ಜೆಟ್ಟಿಯಲ್ಲಿ ಮೀನು ಮಾರುವವಳು, ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಮುಖ ಎತ್ತಿ ಮಾತಾಡದ ಹೆಣ್ಣು. ತಾಯಿಯ ಕಡೆಯಿಂದ ಅವಳೂ ಮೋಕೋ ಎಂಬುದು ನಮಗೆ ಯಾರಿಗೂ ನೆನಪೇ ಇರಲಿಲ್ಲ. ಡೋಲಿನವರ ಮುಖಕ್ಕೆ ಜೀವ ಬಂತು. ಕಲ್ಲಿನ ಮುಂದೆ ಹಾಡು ಕೊನೆಯವರೆಗೂ ನಡೆಯಿತು, ಎಲ್ಲೂ ತಡವರಿಸಲಿಲ್ಲ.

ಹಾಡು ಮುಗಿದ ಮೇಲೆ ಯುಲಾಲಿ ಅವಳ ಕೈ ಹಿಡಿದುಕೊಂಡಳು.

"ಇದನ್ನ ಎಲ್ಲಿ ಕಲಿತೆಯೇ ನೀನು?"

"ಪುಸ್ತಕದಲ್ಲಿ, ಮಿಸ್. ನಿಧಾನಕ್ಕೆ ಕೂಡಿಸಿ ಕೂಡಿಸಿ ಓದ್ದೆ. ಬಹಳ ದಿನ ಹಿಡೀತು."

"ನನ್ನ ಒಂದು ಸಲಾನೂ ಕೇಳ್ಲಿಲ್ವಲ್ಲ ನೀನು, ಎಲ್ಲಿದೆ ಅಂತ!"

ಅರ್ನೆಲ್ಲಾ ನೆಲ ನೋಡಿ ನಕ್ಕಳು. "ಕೇಳೋದೇನಿತ್ತು, ಮಿಸ್? ನಮ್ಮಪ್ಪನ ದೋಣಿ ಪುಸ್ತಕ ನೋಡೋಣ ಅಂತ ಒಳಗ್ ಬಂದೆ. ತೆರೇಜ್ ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ಲು."

ಯುಲಾಲಿ ತಾಯಿಯ ಕಲ್ಲಿನ ಬುಡದಲ್ಲಿ ಕುಸಿದು ಕೂತು, ಆ ಕೆಟ್ಟ ದನಿಯಲ್ಲೇ, ಊರಿಗೆಲ್ಲ ಕೇಳುವಂತೆ ಅತ್ತಳು. ಯಾರೂ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ.